ಸೀಳುವ ಬೆಣೆ, ಹಿಡಿಯುವ ಬೆಣೆ

ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದ ನಾವು ಅಂಬೆಗಾಲಿಟ್ಟದ್ದು ಕಲ್ಲಿನ ಮೇಲೆ, ನಡೆಯಲು ಕಲಿತದ್ದು ಕಲ್ಲಿನ ಮೇಲೆ, ಬಚ್ಚಲಲ್ಲಿ ಜಾರಿ ಬಿದ್ದದ್ದೂ ಅದೇ ಕಲ್ಲಿನ ಮೇಲೆ. ನೆಲಕ್ಕೆ ಫರಸಿ, ಅಡುಗೆಕಟ್ಟೆಗೆ ಫರಸಿ. ಸುತ್ತಲ ಹಳ್ಳಿಗಳ ಹಳೆಯ ಮನೆಗಳಲ್ಲಿ ಮಾಳಿಗೆಗೂ ಫರಸಿ. ಪಕ್ಕದ ಮಳಖೇಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟ ಇದ್ದ ಜಾಗದಲ್ಲಿ, ಕಾಗಿಣಾ ನದಿಯ ದಂಡೆಗೆ ನಿಂತಿರುವ ಕೋಟೆಯ ಗೋಡೆಯೂ ಇದೇ ಕಲ್ಲಿನದು. ಕಾರ್ಖಾನೆಯ ಗೂಡಿನಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬೆಂದು, ಸಿಮೆಂಟಾಗಿ ಚೀಲ ಸೇರಿ ಊರೂರು ಸುತ್ತಲು ಹೊರಡುವುದೂ ಇದರ ಬಳಗವೇ. ಹೊರಗಿನವರಿಗೆ ಇದು ಶಹಾಬಾದ್ ಕಲ್ಲು. ನಮಗೆ ಬರೀ ಕಲ್ಲು.

ಬೇಸಿಗೆ ರಜೆಯಲ್ಲಿ ಕಾಕಾ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಖಣಿಗೆ ಕರೆದೊಯ್ಯುತ್ತಿದ್ದರು. ಖಣಿಯೆಂದರೆ ಬಯಲಿನಲ್ಲಿ ಅಗೆದ ದೊಡ್ಡ ಚೌಕ. ಅದರ ಗೋಡೆ, ತಹಸೀಲ ಕಚೇರಿಯಲ್ಲಿ ಹಳೆಯ ಕಾಗದದ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತಿತ್ತು. ಕಾಕಾ ಕುಕ್ಕರಗಾಲಿನಲ್ಲಿ ಕೂತು, ಎರಡು ಪದರ ಕೂಡುವ ಗೆರೆಯನ್ನು ಉಗುರಿನಿಂದ ಹುಡುಕಿ, ಅದರುದ್ದಕ್ಕೂ ಗೇಣಿಗೊಂದರಂತೆ ಉಳಿ ನಿಲ್ಲಿಸುತ್ತಿದ್ದರು. ಆಮೇಲೆ ಸುತ್ತಿಗೆ. ಒಂದೇ ಉಳಿಗೆ ಬೆನ್ನುಬೆನ್ನಿಗೆ ಎರಡು ಪೆಟ್ಟು ಕೊಟ್ಟದ್ದನ್ನು ನಾನು ನೋಡಿಲ್ಲ. ಈ ತುದಿಯಿಂದ ಆ ತುದಿಗೆ ಒಂದೊಂದೇ ಪೆಟ್ಟು, ತಿರುಗಿ ಈ ತುದಿಯಿಂದ ಇನ್ನೊಂದು ಸುತ್ತು. ಟಣ್ ಟಣ್ ಎನ್ನುತ್ತಿದ್ದ ದನಿ ಮೂರನೆಯದೋ ನಾಲ್ಕನೆಯದೋ ಸುತ್ತಿಗೆ ಒಮ್ಮೆಲೇ 'ಡಬ್' ಎಂದು ಬೀಳುತ್ತಿತ್ತು. ಅಲ್ಲಿಗೆ ಸುತ್ತಿಗೆ ಕೆಳಗೆ. ಸಬ್ಬಲ ತುರುಕಿ ಮೀಟಿದರೆ ಮಂಚದಗಲದ ಚಪ್ಪಡಿ, ಹಂಚಿನ ಮೇಲಿನ ರೊಟ್ಟಿಯಂತೆ ಮೆಲ್ಲಗೆ ಏಳುತ್ತಿತ್ತು.

"ದನಿ ಬದಲಾತು ನೋಡು. ಕಲ್ಲು ಮಾತಾಡ್ತದ ತಮ್ಮಾ, ಕೇಳೋ ಕಿವಿ ಇರಬೇಕಷ್ಟ."

ಖಣಿಗೆ ಈಗ ಗರಗಸದ ಯಂತ್ರಗಳು ಬಂದಿವೆ. ಆ ಬೇಸಿಗೆಗಳಾದ ಇಪ್ಪತ್ತು ವರ್ಷದ ನಂತರ ನಾನು ರಾಮನಗರದ ಬಂಡೆಯೊಂದರ ಬುಡದಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅಲ್ಯೂಮಿನಿಯಂ ಬೆಣೆಯೊಂದನ್ನು ಗ್ರಾನೈಟಿನ ಬಿರುಕಿಗೆ ಸೇರಿಸುತ್ತಾ ನಿಂತಿದ್ದಾಗ ಕಾಕಾನ ಉಳಿಗಳು ನೆನಪಾದವು. ಅವರು ಬಿರುಕಿಗೆ ಬೆಣೆ ಹಾಕುತ್ತಿದ್ದದ್ದು ಕಲ್ಲು ಬಿಟ್ಟುಕೊಳ್ಳಲಿ ಎಂದು. ನಾನು ಹಾಕುತ್ತಿದ್ದದ್ದು ಬಿದ್ದಾಗ ಕಲ್ಲು ನನ್ನನ್ನು ಬಿಡದಿರಲಿ ಎಂದು. ಒಂದೇ ಬೆಣೆ ಎರಡು ವಿರುದ್ಧ ಕೆಲಸಗಳನ್ನು ಹೇಗೆ ಮಾಡುತ್ತದೆ? ಕಲ್ಲಿನ ಸೀಮೆಯಲ್ಲೇ ಹುಟ್ಟಿದವನಿಗೂ ಅದನ್ನು ಪಕ್ಕದಲ್ಲಿ ನಿಂತು ಒಬ್ಬರು ಕಲಿಸಿಕೊಡಬೇಕಾಗುತ್ತದೆ, ಯಾಕೆ? ಈ ಅಧ್ಯಾಯದ ಕೆಲಸ ಇವೆರಡು ಪ್ರಶ್ನೆಗಳೇ.

ಮೂರಂತಸ್ತಿನ ಜಿಲ್ಲೆ

ಊರಲ್ಲೇ ಇಷ್ಟು ಕಲ್ಲಿರುವಾಗ ರಾಮನಗರದವರೆಗೆ ಹೋಗುವುದೇಕೆ ಎಂದು ಮನೆಯಲ್ಲಿ ಕೇಳಿದರು. ಉತ್ತರ ನೆಲದಡಿ ಇದೆ.

ಯಾದಗಿರಿ ಬೇರೆಯಾಗುವ ಮೊದಲಿನ ಕಲಬುರಗಿ ಜಿಲ್ಲೆಯನ್ನು ಮೂರಂತಸ್ತಿನ ಮನೆ ಎಂದುಕೊಳ್ಳಿ. ಮೇಲಂತಸ್ತು ಚಿಂಚೋಳಿ ಕಡೆಗೆ ಹೋದರೆ ಸಿಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿದ ಕಪ್ಪುಕಲ್ಲು, ಅದರ ತಲೆಯ ಮೇಲೆ ಕೆಂಪು ಜಂಬಿಟ್ಟಿಗೆ. ನಡುವಿನ ಅಂತಸ್ತು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನದ ಶಿಲೆಗಳು ಎನ್ನುತ್ತಾರೆ. ಗಡಿಯಾಚೆಯ ತಾಂಡೂರು ಕಲ್ಲೂ ಇದೇ ಕುಟುಂಬದ್ದು. ಚಿಪ್ಪು ಹೊತ್ತ ಪ್ರಾಣಿಗಳು ಸಮುದ್ರಕ್ಕೆ ಇನ್ನೂ ಬಂದಿರದ ಕಾಲದಲ್ಲಿ ಇಲ್ಲೊಂದು ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ತೆಳುತೆಳುವಾಗಿ ಕೂತಿತು. ನಡುನಡುವೆ ಜೇಡಿಯ ಸಣ್ಣ ಪದರ, ಮತ್ತೆ ಸುಣ್ಣ. ಆಮೇಲೆ ಬೆಟ್ಟ ಎಬ್ಬಿಸುವಂಥ ದೊಡ್ಡ ತಿಕ್ಕಾಟ ಇಲ್ಲಿ ನಡೆಯಲಿಲ್ಲವಾದ್ದರಿಂದ ಪದರಗಳು ಬಹುಮಟ್ಟಿಗೆ ಹಾಸಿದ ಹಾಗೆಯೇ ಉಳಿದವು. ಕಾಕಾನ ಉಗುರಿಗೆ ಸಿಗುತ್ತಿದ್ದದ್ದು ಆ ಜೇಡಿಯ ಗೆರೆ. ಸೀಳಬೇಕಾದ ಜಾಗವನ್ನು ಸಮುದ್ರವೇ ಗುರುತು ಮಾಡಿಟ್ಟಿತ್ತು.

ಫರಸಿಗೆ ವರವಾದ ಈ ಗುಣವೇ ಹತ್ತುವವನಿಗೆ ಶಾಪ. ಇಲ್ಲಿನ ಬಯಲಿನಲ್ಲಿ ಕಡಿದಾದ ಗೋಡೆ ಇರುವುದು ಖಣಿಗಳಲ್ಲಿ ಮಾತ್ರ. ಅವು ಮದ್ದಿನ ಪೆಟ್ಟು ತಿಂದ, ಪದರ ಸಡಿಲಾದ ಗೋಡೆಗಳು. ಅಲ್ಲಿ ಅಡ್ಡ ಬಿರುಕಿಗೆ ಬೆಣೆ ಹಾಕಿ ಜೋತುಬಿದ್ದರೆ ಮೇಲಿನ ಚಪ್ಪಡಿಯನ್ನು ನಾವೇ ಮೀಟಿ ನಮ್ಮ ಮೇಲೆ ಎಳೆದುಕೊಂಡಂತೆ. ಸುಣ್ಣದ ಕಲ್ಲು ಹತ್ತಲು ಬಾರದು ಎಂದೇನಿಲ್ಲ. ಫ್ರಾನ್ಸಿನ ವೆರ್ದೋನ್ ಕಣಿವೆಯ ಸುಣ್ಣದ ಗೋಡೆಗಳಿಗೆ ಲೋಕದ ಮೂಲೆಮೂಲೆಯಿಂದ ಜನ ಬರುತ್ತಾರೆ. ಆದರೆ ಅದು ದಪ್ಪನಾಗಿ, ಒಂದೇ ಮುದ್ದೆಯಾಗಿ ಕೂತ ಕಲ್ಲು. ನಮ್ಮದು ಪುಸ್ತಕ.

ಕೆಳಗಿನ ಅಂತಸ್ತು ನೋಡಲು ಸೇಡಂನಿಂದ ದಕ್ಷಿಣಕ್ಕೆ ಯಾದಗಿರಿ ರಸ್ತೆ ಹಿಡಿಯಬೇಕು. ಹಾಸುಗಲ್ಲು ಮುಗಿದು ಗುಂಡುಗಲ್ಲು ಶುರುವಾಗುತ್ತದೆ. ಯಾದಗಿರಿಯ ಕೋಟೆ ಕೂತಿರುವ ಗುಡ್ಡ, ಶಹಾಪುರದ ಬಳಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟಸಾಲು, ಎಲ್ಲವೂ ಗ್ರಾನೈಟ್ ಜಾತಿಯವು. ನಮ್ಮ ಸುಣ್ಣದ ಸಮುದ್ರ ಹಾಸಿಕೊಂಡದ್ದು ಈ ಹಳೆಯ ಗಟ್ಟಿನೆಲದ ಮೇಲೆ. ಇನ್ನೂ ದಕ್ಷಿಣಕ್ಕೆ, ರಾಮನಗರದ ಸುತ್ತ, ಇದರದೇ ವಾರಗೆಯ ಕ್ಲೋಸ್‌ಪೇಟ್ ಗ್ರಾನೈಟ್ ಇದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಉತ್ತರ–ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದ ಪಟ್ಟಿ. ಕ್ಲೋಸ್‌ಪೇಟ್ ಎಂಬುದು ರಾಮನಗರದ ಹಳೆಯ ಹೆಸರು, ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. 1975ರ 'ಶೋಲೆ'ಯಲ್ಲಿ ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳೆಂದರೆ ಯಾರಿಗಾದರೂ ಗೊತ್ತಾಗುತ್ತದೆ. ಅಲ್ಲಿನ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಹತ್ತುವವರಿಗೆ ಉಳಿದದ್ದು ಸುತ್ತಲಿನ ಬೇರೆ ಗುಡ್ಡಗಳು.

ಗ್ರಾನೈಟ್ ಭೂಮಿಯ ಹೊಟ್ಟೆಯೊಳಗೆ ನಿಧಾನವಾಗಿ ಆರಿದ ಕಲ್ಲು. ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್‌ಗಳ ಹರಳುಗಳು ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಬೆಳೆದಿರುತ್ತವೆ. ಸೀಳಲು ಸಿದ್ಧವಾದ ಗೆರೆ ಅದರಲ್ಲಿ ಇಲ್ಲ. ಮುಟ್ಟಿದರೆ ಉಪ್ಪುಕಾಗದದ ತರಿ. ಆರುವಾಗಿನ ಕುಗ್ಗುವಿಕೆ ಮತ್ತು ಭೂಚಲನೆಯ ಒತ್ತಡಕ್ಕೆ ನೆಟ್ಟಗಿನ ಬಿರುಕುಗಳು ಬೀಳುತ್ತವೆ. ಮೇಲಿನ ಮಣ್ಣುಕಲ್ಲಿನ ಭಾರ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದಾಗ ಬಂಡೆ ಉಸಿರು ಬಿಟ್ಟಂತೆ ಹಿಗ್ಗಿ, ಹೊರಮೈ ಈರುಳ್ಳಿಯ ಸಿಪ್ಪೆಯಂತೆ ಬಿಡುತ್ತದೆ. ಮೊದಲನೆಯ ಬಗೆಯ ಬಿರುಕು ಹತ್ತುವವನ ನೆಂಟ. ಎರಡನೆಯದು ನೆಂಟನ ವೇಷದ ವೈರಿ. ಇವೆರಡನ್ನು ಬೇರ್ಪಡಿಸಿ ನೋಡುವುದೇ ಅರ್ಧ ವಿದ್ಯೆ.

ಮುಂದೆ ಹೋಗುವವರು

ಬಂಡೆ ಹತ್ತುವುದರಲ್ಲಿ ಹಲವು ಬಗೆ. ಚಿತ್ರದುರ್ಗದ ಕೋಟೆಗೋಡೆಗಳನ್ನು ಹಗ್ಗವಿಲ್ಲದೆ ಏರಿ ಹೆಸರಾದ ಜ್ಯೋತಿ ರಾಜ್ ಅವರದು ಒಂದು. ಅದನ್ನು ನೋಡಿ ಬೆರಗಾಗಬಹುದು, ಕಲಿಸಿಕೊಡಿ ಎಂದು ಕೇಳುವ ಹಾಗಿಲ್ಲ. ಮೇಲಿನ ಮರಕ್ಕೋ ಕೊಕ್ಕೆಗೋ ಮೊದಲೇ ಹಗ್ಗ ಹಾಯಿಸಿ, ಅದರ ಆಸರೆಯಲ್ಲಿ ಹತ್ತುವುದು ಇನ್ನೊಂದು. ಹೊಸಬರೆಲ್ಲ ಶುರು ಮಾಡುವುದು ಹಾಗೆ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಲ್ಲಿ ಉಕ್ಕಿನ ಬೋಲ್ಟುಗಳನ್ನು ಕಾಯಂ ಆಗಿ ಕೂರಿಸಿದ್ದಾರೆ. ಹಗ್ಗವನ್ನು ಒಂದೊಂದೇ ಬೋಲ್ಟಿಗೆ ಸಿಕ್ಕಿಸುತ್ತಾ ಮೇಲೇರಬೇಕು.

ಟ್ರ್ಯಾಡ್ ಲೀಡ್ ಎಂದು ಹತ್ತುವವರು ಕರೆಯುವ ಹಳೆಯ ಪದ್ಧತಿಯಲ್ಲಿ ಬಂಡೆಯ ಮೇಲೆ ಮೊದಲೇ ಏನೂ ಇರುವುದಿಲ್ಲ. ಮುಂದಾಳು ಸೊಂಟದ ಹಾರ್ನೆಸ್‌ಗೆ ಹಗ್ಗ ಕಟ್ಟಿಕೊಂಡು, ಬೆಣೆಗಳ ಗೊಂಚಲನ್ನು ನೇತುಹಾಕಿಕೊಂಡು ಹೊರಡುತ್ತಾನೆ. ಕೆಳಗೆ ಜೊತೆಗಾರ ಹಗ್ಗವನ್ನು ಬಿಲೇ ಸಾಧನದಲ್ಲಿ ಹಾಯಿಸಿ, ಬೇಕಾದಷ್ಟೇ ಬಿಡುತ್ತಾ ಕಾಯುತ್ತಾನೆ. ಮುಂದಾಳು ಹತ್ತುತ್ತಾ ಸಿಕ್ಕ ಬಿರುಕಿಗೆ ಬೆಣೆ ಕೂರಿಸಿ, ಕ್ಯಾರಬೈನರ್ ಕೊಕ್ಕೆಯ ಮೂಲಕ ಹಗ್ಗವನ್ನು ಅದಕ್ಕೆ ಸಿಕ್ಕಿಸುತ್ತಾನೆ. ಕೊನೆಯ ಬೆಣೆಯಿಂದ ಎರಡು ಮೀಟರ್ ಮೇಲಿದ್ದಾಗ ಕೈ ತಪ್ಪಿದರೆ ಬೆಣೆಯವರೆಗೆ ಎರಡು, ಅದರ ಕೆಳಗೆ ಎರಡು, ಒಟ್ಟು ನಾಲ್ಕು ಮೀಟರ್ ಬೀಳುತ್ತಾನೆ. ಹಗ್ಗ ಹಿಗ್ಗುವುದು ಬೇರೆ. ಮೇಲೆ ತಲುಪಿದ ಮೇಲೆ ಅಲ್ಲಿ ಗಟ್ಟಿ ಆಧಾರ ಕಟ್ಟಿ ಹಿಂದಿನವನನ್ನು ಕರೆಸಿಕೊಳ್ಳುತ್ತಾನೆ. ಹಿಂದಿನವನು ಬೆಣೆಗಳನ್ನೆಲ್ಲ ಬಿಚ್ಚುತ್ತಾ ಬರುತ್ತಾನೆ. ಇಬ್ಬರೂ ಹೋದ ಮೇಲೆ ಬಂಡೆ ಮೊದಲಿದ್ದ ಹಾಗೆಯೇ ಇರಬೇಕು. ಇದು ಈ ಪದ್ಧತಿಯ ಮರ್ಯಾದೆ.

ಹಿಂದೆ ಸೆಣಬಿನಂಥ ನಾರಿನ ಹಗ್ಗವಿದ್ದ ಕಾಲದಲ್ಲಿ ಮುಂದಾಳಿಗೆ ಇದ್ದ ನಿಯಮ ಒಂದೇ: ಬೀಳಕೂಡದು. ಬಿದ್ದರೆ ಹಗ್ಗ ತಡೆಯುವ ಭರವಸೆ ಇರಲಿಲ್ಲ. ಇಂಗ್ಲೆಂಡ್, ವೇಲ್ಸ್‌ಗಳ ಹತ್ತುಗರು ಬಿರುಕಿನಲ್ಲಿ ಸಿಕ್ಕಿಕೊಂಡ ಕಲ್ಲುಗುಂಡಿನ ಸುತ್ತ ಹಗ್ಗದ ಕುಣಿಕೆ ಹಾಕುತ್ತಿದ್ದರು. ಹಾಗೆ ಸಿಕ್ಕಿಕೊಂಡ ಗುಂಡು ಇಲ್ಲದ ಕಡೆಗೆಂದು ಹೊಳೆಯ ನುಣುಪುಗಲ್ಲುಗಳನ್ನು ಜೇಬಿನಲ್ಲಿ ಒಯ್ಯತೊಡಗಿದರು. ವೇಲ್ಸ್‌ನ ಒಂದು ಬೆಟ್ಟಕ್ಕೆ ರೈಲು ಹಳಿ ಪಕ್ಕದಲ್ಲೇ ನಡೆದು ಹೋಗಬೇಕಿತ್ತು. ಹಳಿಯ ಬಳಿ ಬಿದ್ದಿರುತ್ತಿದ್ದ ನಟ್ಟುಗಳನ್ನು ಹೆಕ್ಕಿ, ಒಳಗಿನ ತಿರುಪಿನ ಗೆರೆ ಉಜ್ಜಿ ತೆಗೆದು, ಹಗ್ಗ ಪೋಣಿಸಿದರೆ ಕಲ್ಲುಗುಂಡಿಗಿಂತ ವಾಸಿಯಾದ ಬೆಣೆ ಸಿಕ್ಕಿತು. 1961ರಲ್ಲಿ ಜಾನ್ ಬ್ರೇಲ್ಸ್‌ಫರ್ಡ್ ಎಂಬ ಇಂಗ್ಲಿಷ್ ಕುಶಲಕರ್ಮಿ ಹತ್ತುವುದಕ್ಕೆಂದೇ ಒಂದು ಬೆಣೆ ಮಾಡಿದ. ಇವತ್ತಿಗೂ ಈ ಬೆಣೆಗಳ ಹೆಸರು ನಟ್ ಎಂದೇ. ಅಮೆರಿಕದಲ್ಲಿ ಬಿರುಕಿಗೆ ಉಕ್ಕಿನ ಗೂಟ ಹೊಡೆಯುವ ರೂಢಿಯಿತ್ತು. ಹೊಡೆದು ತೆಗೆದು ಹೊಡೆದು ಬಂಡೆಗಳಿಗೆ ಗಾಯಗಳಾದವು. 1972ರಲ್ಲಿ ಇವಾನ್ ಶೂನಾರ್ಡ್‌ನ ಕಂಪನಿ ತನ್ನ ಸರಕಿನ ಪಟ್ಟಿಯಲ್ಲೇ ಗೂಟ ಬಿಟ್ಟು ನಟ್ ಹಿಡಿಯಿರಿ ಎಂದು ಬರೆಸಿತು. ಗೂಟ ಮಾರಿಯೇ ಬೆಳೆದ ಕಂಪನಿ ಅದು.

ಬೆಣೆಯ ಲೆಕ್ಕ

ಹಂಪಿಗೆ ಹೋದವರು ಬಂಡೆಗಳ ಮೈಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳನ್ನು ನೋಡಿರುತ್ತೀರಿ. ವಿಜಯನಗರದ ಕಲ್ಲುಕುಟಿಗರು ಬೆಣೆ ಕೂರಿಸಲು ಮಾಡಿದ ಗುಳಿಗಳು ಅವು. ಬೆಣೆಯ ಗುಟ್ಟು ಅದರ ಓರೆಯಲ್ಲಿದೆ. ನೀವು ಕೊಡುವ ಬಲ ಕೆಳಮುಖ. ಓರೆ ಅದನ್ನು ಪಕ್ಕಕ್ಕೆ ತಿರುಗಿಸಿ ಹಲವು ಪಟ್ಟು ಮಾಡುತ್ತದೆ. ಬೆಣೆ ತೆಳುವಾದಷ್ಟೂ ಪಕ್ಕದ ನೂಕು ಹೆಚ್ಚು. ಆ ನೂಕಿಗೆ ಕಲ್ಲು ಬಗ್ಗಿದರೆ ಬೆಣೆ ಸೀಳಿತು. ಬಗ್ಗದಿದ್ದರೆ ಅದೇ ನೂಕು ಘರ್ಷಣೆಯಾಗಿ ಬೆಣೆಯನ್ನು ಅಲ್ಲೇ ಹಿಡಿದಿಟ್ಟಿತು. ಸೀಳುವ ಬೆಣೆಗೂ ಹಿಡಿಯುವ ಬೆಣೆಗೂ ಇರುವ ವ್ಯತ್ಯಾಸ ಬೆಣೆಯಲ್ಲಿಲ್ಲ, ಅದರ ಎರಡೂ ಪಕ್ಕದ ಕಲ್ಲಿನಲ್ಲಿದೆ.

ನಟ್‌ಗೆ ಕೆಳಕ್ಕೆ ಕಿರಿದಾಗುವ ಬಿರುಕು ಬೇಕು. ಎರಡೂ ಗೋಡೆ ಸಮಾನಾಂತರವಾಗಿದ್ದರೆ ಅದು ಜಾರಿ ಬೀಳುತ್ತದೆ. ಇದಕ್ಕೆ ಪರಿಹಾರ ಕಂಡವನು ರೇ ಜಾರ್ಡೀನ್, ಬಾಹ್ಯಾಕಾಶ ಉದ್ಯಮದಲ್ಲಿ ಕೆಲಸ ಮಾಡಿದ್ದ ಅಮೆರಿಕದ ಹತ್ತುಗ. ಸ್ಪ್ರಿಂಗಿನ ಒತ್ತಿಗೆ ಹೊರಕ್ಕೆ ಚಾಚಿಕೊಳ್ಳುವ ನಾಲ್ಕು ಅಲ್ಯೂಮಿನಿಯಂ ಹಾಲೆಗಳ ಸಾಧನ ಅದು. 1978ರಲ್ಲಿ 'ಫ್ರೆಂಡ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಈಗ ಕ್ಯಾಮ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಕುದುರೆಯ ಲಗಾಮಿನಂಥ ಕಂಬಿ ಎಳೆದರೆ ಹಾಲೆಗಳು ಮುದುಡುತ್ತವೆ. ಬಿರುಕಿನೊಳಗೆ ಇಟ್ಟು ಬಿಟ್ಟರೆ ಅರಳಿ ಗೋಡೆ ಮುಟ್ಟುತ್ತವೆ. ಕೆಳಕ್ಕೆ ಜಗ್ಗಿದಷ್ಟೂ ಹೊರಕ್ಕೆ ಒತ್ತುತ್ತವೆ.

ಹಾಲೆಯ ಅಂಚಿನ ಬಾಗು ಲಾಗರಿತಮಿಕ್ ಸುರುಳಿ. ಈ ಸುರುಳಿಯ ಮೇಲೆ ಎಲ್ಲಿ ನಿಂತು ನೋಡಿದರೂ ಮಧ್ಯಬಿಂದುವಿನ ಗೆರೆಗೂ ಅಂಚಿಗೂ ನಡುವಿನ ಕೋನ ಒಂದೇ. ಹಾಗಾಗಿ ಬಿರುಕು ಎರಡು ಬೆರಳಗಲವಿರಲಿ ಮೂರು ಬೆರಳಗಲವಿರಲಿ, ಕ್ಯಾಮ್ ಒಂದೇ ಹದದಲ್ಲಿ ಕಚ್ಚುತ್ತದೆ. ಗಣಿತಜ್ಞ ಯಾಕೋಬ್ ಬರ್ನೂಲಿಗೆ ಈ ಸುರುಳಿ ಎಷ್ಟು ಹಿಡಿಸಿತ್ತೆಂದರೆ ತನ್ನ ಗೋರಿಗಲ್ಲಿನ ಮೇಲೆ ಅದನ್ನು ಕೆತ್ತಬೇಕೆಂದು ಕೇಳಿಕೊಂಡಿದ್ದ. ಬಾಸೆಲ್‌ನ ಕಲ್ಲುಕುಟಿಗ ಬೇರೊಂದು ಸುರುಳಿ ಕೆತ್ತಿಟ್ಟ. ಜಾರ್ಡೀನ್ ತನ್ನ ಕ್ಯಾಮ್‌ಗೆ ಆರಿಸಿಕೊಂಡ ಕೋನ 13.75 ಡಿಗ್ರಿ. ಲೆಕ್ಕ ಹಾಕಿದರೆ, ನಾವು ಜಗ್ಗುವ ಬಲದ ಸುಮಾರು ಎರಡು ಪಟ್ಟು ಪ್ರತಿ ಗೋಡೆಯ ಮೇಲೂ ಬೀಳುತ್ತದೆ.

ಈ ಬಲಗಳನ್ನು ಕಿಲೋನ್ಯೂಟನ್‌ಗಳಲ್ಲಿ ಅಳೆಯುತ್ತಾರೆ. ತೊಗರಿ ಸೀಮೆಯವರಿಗೆ ಇದು ಸುಲಭ: ಒಂದು ಕಿಲೋನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ತೂಕ. ಬಿದ್ದಾಗ ಕ್ಯಾಮ್ ಮೇಲೆ ಐದು ಕ್ವಿಂಟಲ್ ಭಾರ ಬಂತೆನ್ನಿ, ಬಿರುಕಿನ ಎಡಗೋಡೆಗೆ ಹತ್ತು ಕ್ವಿಂಟಲ್ ನೂಕು, ಬಲಗೋಡೆಗೆ ಹತ್ತು ಕ್ವಿಂಟಲ್. ಎರಡೂ ಕಡೆ ಇಡೀ ಬೆಟ್ಟವೇ ಇದ್ದರೆ ಅದಕ್ಕೆ ಇದು ಸೊಳ್ಳೆ ಕಡಿತ. ಒಂದು ಕಡೆ ಇರುವುದು ಈರುಳ್ಳಿ ಸಿಪ್ಪೆಯಂಥ ಹಲಗೆಯಾದರೆ? ಆಗ ನೀವು ಕಾಕಾನ ಕೆಲಸ ಮಾಡುತ್ತಿದ್ದೀರಿ. ಉಳಿಯ ಬದಲು ಕ್ಯಾಮ್, ಸುತ್ತಿಗೆಯ ಬದಲು ನಿಮ್ಮದೇ ದೇಹ. ಏಳುವ ಚಪ್ಪಡಿ ನಿಮ್ಮ ಮೇಲೆಯೇ ಬರುತ್ತದೆ.

ಹಗ್ಗದ ಕೊಡುಗೈ

ಬೆಣೆ ಎಷ್ಟೇ ಗಟ್ಟಿಯಿರಲಿ, ಹಗ್ಗ ಸರಪಳಿಯಂತೆ ಬಿಗಿಯಾಗಿದ್ದರೆ ಬಿದ್ದವನ ಸೊಂಟ ಉಳಿಯದು. ಮೊಟ್ಟೆ ಬಂಡೆಯ ಮೇಲೆ ಬಿದ್ದರೆ ಒಡೆಯುತ್ತದೆ, ಹುಲ್ಲಿನ ಮೇಲೆ ಬಿದ್ದರೆ ಉಳಿಯುತ್ತದೆ. ನಿಲ್ಲಲು ಎಷ್ಟು ಹೊತ್ತು ಸಿಕ್ಕಿತು ಎಂಬುದರ ಮೇಲೆ ಎಲ್ಲ ನಿಂತಿದೆ. ಆ ಹೊತ್ತು ಕೊಡುವುದು ನೈಲಾನ್. 1935ರಲ್ಲಿ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಈ ನೂಲು ಕಾಲುಚೀಲ, ಪ್ಯಾರಾಶೂಟ್‌ಗಳ ದಾರಿಯಲ್ಲಿ ಬಂಡೆಗೂ ಬಂತು. 1953ರಲ್ಲಿ ಜರ್ಮನಿಯ ಏಡಲ್‌ರಿಡ್ ಕಂಪನಿ ಒಳಗೆ ಎಳೆಗಳ ತಿರುಳು, ಹೊರಗೆ ಹೆಣೆದ ತೊಗಲು ಇರುವ ಹಗ್ಗ ಮಾಡಿತು. ಇಂದಿನ ಹಗ್ಗಗಳೆಲ್ಲ ಅದರ ಸಂತಾನ. ಇವು ಬಿದ್ದವನ ವೇಗವನ್ನು ಹಿಗ್ಗುತ್ತಾ ನುಂಗುತ್ತವೆ. ಪರೀಕ್ಷೆಯಲ್ಲಿ 80 ಕಿಲೋ ಭಾರವನ್ನು ಕ್ರೂರವಾಗಿ ಬೀಳಿಸಿ, ಮೊದಲ ಬೀಳಿನ ಎಳೆತ 12 ಕಿಲೋನ್ಯೂಟನ್ ಮೀರದಂತೆ, ಕನಿಷ್ಠ ಐದು ಬೀಳು ತಾಳಿದ ಹಗ್ಗಕ್ಕೆ ಮಾತ್ರ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಮುದ್ರೆ ಸಿಗುತ್ತದೆ.

ಹೊಸಬರನ್ನು ಬೆಚ್ಚಿಸುವ ಸಂಗತಿ ಇನ್ನೊಂದಿದೆ. ಎಷ್ಟು ಎತ್ತರದಿಂದ ಬಿದ್ದಿರಿ ಎಂಬುದಕ್ಕಿಂತ, ಆ ಬೀಳನ್ನು ನುಂಗಲು ಎಷ್ಟು ಹಗ್ಗ ಇತ್ತು ಎಂಬುದು ಮುಖ್ಯ. ಬೀಳಿನ ಉದ್ದವನ್ನು ಹಗ್ಗದ ಉದ್ದದಿಂದ ಭಾಗಿಸಿ. ಹತ್ತು ಮೀಟರ್ ಹಗ್ಗ ಹೊರಗಿದ್ದಾಗ ನಾಲ್ಕು ಮೀಟರ್ ಬಿದ್ದರೆ 0.4. ಬಂಡೆಯ ನಡುಮಧ್ಯದ ಕಟ್ಟೆಯಿಂದ ಹೊರಟು, ಇನ್ನೂ ಒಂದೂ ಬೆಣೆ ಹಾಕದೆ ಎರಡು ಮೀಟರ್ ಮೇಲೆ ಹೋಗಿ ಬಿದ್ದರೆ ಆಗಲೂ ನಾಲ್ಕೇ ಮೀಟರ್, ಆದರೆ ಹಗ್ಗ ಎರಡೇ ಮೀಟರ್. ಭಾಗಲಬ್ಧ 2. ಹಗ್ಗವನ್ನು ಸ್ಪ್ರಿಂಗ್ ಎಂದುಕೊಂಡು ಸರಳ ಲೆಕ್ಕ ಹಾಕಿದರೆ 80 ಕಿಲೋ ಆಸಾಮಿಗೆ ಮೊದಲ ಬೀಳಿನಲ್ಲಿ ನಾಲ್ಕೂವರೆ ಕ್ವಿಂಟಲ್ ಆಸುಪಾಸಿನ ಎಳೆತ, ಎರಡನೆಯದರಲ್ಲಿ ಅದರ ಇಮ್ಮಡಿ. ಕಟ್ಟೆ ಬಿಟ್ಟ ತಕ್ಷಣ ಮೊದಲ ಬೆಣೆ ಹಾಕು ಎಂದು ಕಲಿಸುವವರು ಜಪ ಮಾಡಿಸುವುದು ಇದಕ್ಕೇ.

ಬೆಣೆಗೆ ಇದಕ್ಕಿಂತಲೂ ಕಷ್ಟ. ಬಾವಿಯ ರಾಟೆ ನೆನಪಿಸಿಕೊಳ್ಳಿ. ಒಂದು ಕಡೆ ತುಂಬಿದ ಕೊಡ, ಇನ್ನೊಂದು ಕಡೆ ಅದನ್ನು ಹಿಡಿದ ನಿಮ್ಮ ಕೈ. ರಾಟೆಯ ತೊಲೆಗೆ ಎರಡರ ಭಾರವೂ ಬೀಳುತ್ತದೆ. ಮೇಲಿನ ಬೆಣೆಯೇ ಆ ರಾಟೆ. ಒಂದು ಕಡೆ ಬಿದ್ದವನು, ಇನ್ನೊಂದು ಕಡೆ ಹಿಡಿದವನು. ಕೊಕ್ಕೆಯ ಮೇಲೆ ಹಗ್ಗ ಉಜ್ಜುವುದರಿಂದ ಪೂರ್ತಿ ಎರಡು ಪಟ್ಟು ಆಗದಿದ್ದರೂ ಒಂದೂವರೆ ಪಟ್ಟಿಗೆ ಮೇಲೆಯೇ.

ಉತ್ತರ ಕೊಡದ ಕಲ್ಲು

ಇಷ್ಟು ಲೆಕ್ಕವನ್ನು ಪುಸ್ತಕ ಓದಿ ಕಲಿಯಬಹುದು. ಹಾಗಿದ್ದರೆ ಕಲಿಸುವವರು ಯಾಕೆ ಬೇಕು?

ಮನೋವಿಜ್ಞಾನಿ ರಾಬಿನ್ ಹೊಗಾರ್ತ್ 2001ರ ತಮ್ಮ ಪುಸ್ತಕದಲ್ಲಿ ಅನುಭವದಿಂದ ಕಲಿಯುವ ಸನ್ನಿವೇಶಗಳನ್ನು ಎರಡಾಗಿ ವಿಂಗಡಿಸುತ್ತಾರೆ. ಕೆಲವು ಕರುಣಾಳು: ಮಾಡಿದ ತಪ್ಪನ್ನು ಕೂಡಲೇ, ಸ್ಪಷ್ಟವಾಗಿ ತೋರಿಸಿಕೊಡುತ್ತವೆ. ಕೆಲವು ಕುಟಿಲ: ಉತ್ತರ ತಡವಾಗಿ ಬರುತ್ತದೆ, ಬರುವುದೇ ಇಲ್ಲ, ಅಥವಾ ತಪ್ಪು ಉತ್ತರ ಬರುತ್ತದೆ. ಕಾಕಾನ ಖಣಿ ಕರುಣಾಳು. ಪ್ರತಿ ಪೆಟ್ಟಿಗೂ ದನಿಯಿದೆ. ಓರೆ ಪೆಟ್ಟು ಬಿದ್ದರೆ ಚಪ್ಪಡಿ ಮೂಲೆ ಮುರಿದು ಆ ದಿನದ ಕೂಲಿಯಲ್ಲೇ ತಿಳಿಸುತ್ತದೆ. ಹತ್ತು ವರ್ಷ ಕೂತರೆ ಕಿವಿ ತಾನಾಗಿ ತಯಾರಾಗುತ್ತದೆ.

ಟ್ರ್ಯಾಡ್ ಹತ್ತುವುದು ಕುಟಿಲ. ಒಂದು ದಿನದಲ್ಲಿ ನಲವತ್ತು ಬೆಣೆ ಹಾಕಿದರೂ ಒಂದರ ಮೇಲೂ ಬೀಳದೆ ಸಂಜೆ ಮನೆಗೆ ಬರುತ್ತೀರಿ. ಅದರಲ್ಲಿ ಹತ್ತು ಬೆಣೆ ಸುಳ್ಳೇ ಆಗಿರಬಹುದು. ಕಲ್ಲು ಏನೂ ಹೇಳಲಿಲ್ಲ. ನೀವು ಅದನ್ನು ಶಹಬ್ಬಾಸ್ ಎಂದು ತಿಳಿದು ಮಾರನೆಯ ವಾರವೂ ಹಾಗೆಯೇ ಹಾಕುತ್ತೀರಿ. ತಪ್ಪು ಅಭ್ಯಾಸ ಆತ್ಮವಿಶ್ವಾಸದ ಅಂಗಿ ತೊಟ್ಟುಕೊಳ್ಳುತ್ತದೆ. ಕಲ್ಲು ಬಾಯಿ ಬಿಡುವುದು ಬಿದ್ದ ದಿನ, ಆಗ ಅದು ಪಾಠ ಹೇಳುವ ಧಾಟಿಯಲ್ಲಿ ಇರುವುದಿಲ್ಲ. ಅಲ್ಲಿಯವರೆಗೆ ಕಲ್ಲಿನ ಪರವಾಗಿ ಉತ್ತರ ಕೊಡಲು ಒಬ್ಬರು ಬೇಕು.

ನಮ್ಮಲ್ಲಿ ಹತ್ತುವುದನ್ನು ಕಲಿಸುವ ಔಪಚಾರಿಕ ಪರಂಪರೆ ಹಿಮಾಲಯದಿಂದ ಇಳಿದದ್ದು. ತೇನ್‌ಸಿಂಗ್ ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನಲ್ಲಿ ಪರ್ವತಾರೋಹಣ ಸಂಸ್ಥೆ ಶುರುವಾಯಿತು. 1965ರಲ್ಲಿ ಉತ್ತರಕಾಶಿಯಲ್ಲಿ ಇನ್ನೊಂದು. ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವ ಶಿಬಿರಗಳನ್ನು ನಡೆಸುತ್ತದೆ. ಅಲ್ಲಿ ಇಲ್ಲಿ ಕಲಿತು ಬಂದ ಅನುಭವಿಗಳು ನಾಲ್ಕೈದು ಜನರ ಗುಂಪು ಕಟ್ಟಿ ಕಲಿಸುವುದೂ ಉಂಟು. ನನಗೆ ಸಿಕ್ಕಿದ ಮೇಷ್ಟ್ರು ಅಂಥವರು, ಹಳೇ ಮೈಸೂರಿನ ಕಡೆಯವರು.

ಮೊದಲ ಎರಡು ದಿನ ಅವರು ನನ್ನನ್ನು ನೆಲ ಬಿಡಲು ಬಿಡಲಿಲ್ಲ. ಎದೆಯೆತ್ತರದ ಬಿರುಕಿನಲ್ಲಿ ಇಪ್ಪತ್ತು ಬೆಣೆ ಹಾಕು, ಆಮೇಲೆ ಮಾತಾಡೋಣ ಎಂದರು. ಹಾಕಿದೆ. ಅವರು ಮೊದಲನೆಯದರ ಮುಂದೆ ನಿಂತರು.

"ಏನು ಕಂಡೆ, ಹೇಳಪ್ಪ."

"ಗಟ್ಟಿ ಕೂತದ್ರೀ ಸರ್."

"ಕೂತಿದೆ. ಕಲ್ಲಿಗೆ ಎಷ್ಟು ಕಡೆ ತಾಗಿದೆ?"

ಬಗ್ಗಿ ನೋಡಿದೆ. ನಟ್‌ನ ಎಡಮೈ ಪೂರ್ತಿ ಕಲ್ಲಿಗೆ ಒರಗಿತ್ತು. ಬಲಮೈ ಕಡಲೆಕಾಳಿನಷ್ಟು ದೊಡ್ಡ ಒಂದೇ ಹರಳಿನ ಮೇಲೆ ನಿಂತಿತ್ತು. ಮೇಷ್ಟ್ರು ಅದಕ್ಕೊಂದು ಪಟ್ಟಿ ಸಿಕ್ಕಿಸಿ, ಅದರ ಕುಣಿಕೆಯಲ್ಲಿ ಕಾಲಿಟ್ಟು ನಿಲ್ಲು ಎಂದರು. ನಿಂತೆ, ಹಿಡಿಯಿತು. ಒಮ್ಮೆ ಕುಪ್ಪಳಿಸು ಎಂದರು. ಹರಳು ಪುಡಿಯಾಗಿ ನಟ್ ಟಿಣ್ ಎಂದು ಹಾರಿತು. ನಾನು ಒಂದಡಿ ಕೆಳಗೆ ನೆಲದ ಮೇಲೆ ಕೂತಿದ್ದೆ. ಕುಟಿಲ ಕಲ್ಲನ್ನು ಕರುಣಾಳು ಮಾಡುವ ಉಪಾಯ ಇದು: ಬಿದ್ದರೂ ಏನೂ ಆಗದ ಜಾಗದಲ್ಲಿ ಅದರ ಬಾಯಿ ಬಿಡಿಸುವುದು. ಇಪ್ಪತ್ತರಲ್ಲಿ ಹದಿಮೂರು ಪಾಸಾದವು.

ಆಮೇಲಿನ ಮೆಟ್ಟಿಲುಗಳು ನಿಧಾನ. ಮೊದಲು ಹಿಂದಾಳಾಗಿ ಹತ್ತುವುದು. ಮೇಷ್ಟ್ರು ಹಾಕಿದ ಬೆಣೆಯನ್ನು ಬಿಚ್ಚುವಾಗ ಅದು ಹೇಗೆ ಕೂತಿತ್ತು, ಯಾವ ದಿಕ್ಕಿಗೆ ಎಳೆದರೆ ಬರುತ್ತದೆ ಎಂದು ಕೈಗೇ ತಿಳಿಯುತ್ತದೆ. ಒಳ್ಳೆಯ ಅಕ್ಷರದ ಮೇಲೆ ತಿದ್ದಿ ಬರೆಯುವ ಹಾಗೆ. ನಂತರ ಸೋಗಿನ ಲೀಡ್: ಮೇಲಿನಿಂದ ಕಾಪಿಡುವ ಒಂದು ಹಗ್ಗ, ಜೊತೆಗೆ ಲೀಡ್ ಮಾಡುವವನಂತೆ ಕೆಳಗಿನಿಂದ ಒಯ್ಯುವ ಇನ್ನೊಂದು. ಇಲ್ಲಿ ಗೊತ್ತಾಗುವುದು ಮುಂಗೈಯ ಲೆಕ್ಕ. ಹಿಡಿತ ಬಿಗಿಯಾದಾಗ ಮುಂಗೈಯ ಸ್ನಾಯುಗಳು ತಮ್ಮ ರಕ್ತನಾಳಗಳನ್ನು ತಾವೇ ಅದುಮಿಕೊಳ್ಳುತ್ತವೆ. ಆಮ್ಲಜನಕ ಬರದೆ, ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆದರಿದವನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತಾನೆ, ಬೇಗ ಸೋಲುತ್ತಾನೆ, ಸೋತದ್ದಕ್ಕೆ ಇನ್ನಷ್ಟು ಹೆದರುತ್ತಾನೆ. "ಕೈ ನೆಟ್ಟಗೆ ಬಿಡು, ಮೂಳೆಗೆ ಜೋತುಬೀಳು, ಭಾರ ಕಾಲಿಗೆ ಕೊಡು. ಆಮೇಲೆ ಬೆಣೆ" ಎಂದು ಕೆಳಗಿನಿಂದ ಕೂಗು. ಮೊದಲ ನಿಜವಾದ ಲೀಡ್‌ಗೆ ಮೇಷ್ಟ್ರು ಆರಿಸಿದ್ದು ನಾನು ಹಿಂದಾಳಾಗಿ ಮಾತಾಡುತ್ತಲೇ ಹತ್ತಬಲ್ಲಂಥ ಸಲೀಸು ದಾರಿ. ಹತ್ತುವುದಕ್ಕೆ ತಲೆ ಖರ್ಚಾಗದಿದ್ದರೆ ಬೆಣೆ ಹಾಕಲು ಉಳಿಯುತ್ತದೆ.

ಬೆಳಗಿನ ಏಳು ಗಂಟೆ, ಬಂಡೆ ಇನ್ನೂ ತಣ್ಣಗಿತ್ತು. ಸುತ್ತಲೆಲ್ಲೂ ಹೆಜ್ಜೇನು ಇಲ್ಲವೆಂದು ಖಾತ್ರಿ ಮಾಡಿಕೊಂಡೆವು. ಅವರು ನನ್ನ ಎಂಟಾಕಾರದ ಗಂಟನ್ನೂ, ನಾನು ಅವರ ಬಿಲೇಯನ್ನೂ ಮುಟ್ಟಿ ನೋಡಿದೆವು. ಎರಡು ಬೆಣೆ ಹಾಕಿ ಮೇಲೆ ಹೋದಾಗ ಬಲಗಡೆ ಚೆಂದದ ಬಿರುಕೊಂದು ಕಂಡಿತು. ಎರಡೂ ಅಂಚು ನೆಟ್ಟಗೆ, ಕೈಯಲ್ಲಿದ್ದ ಕ್ಯಾಮ್‌ಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಕಂಬಿ ಎಳೆದು ಹಾಲೆ ಮುದುಡಿಸಿದೆ. ಅಷ್ಟರಲ್ಲಿ ಯಾಕೋ ಬೆರಳ ಗೆಣ್ಣಿನಿಂದ ಹೊರಗಿನ ಕಲ್ಲನ್ನು ತಟ್ಟಿದೆ.

ಇಡಿಯಾದ ಬಂಡೆಯನ್ನು ತಟ್ಟಿದರೆ ಕಂಪನ ಒಳಗೆಲ್ಲ ಹರಡಿ ಹೋಗುತ್ತದೆ, ಗೆಣ್ಣು ನೋಯುತ್ತದೆ ಅಷ್ಟೆ. ಹಿಂದೆ ಟೊಳ್ಳಿರುವ ಹಲಗೆಯಾದರೆ ಕಂಪನಕ್ಕೆ ಹೋಗಲು ದಾರಿಯಿಲ್ಲದೆ ಹಲಗೆಯೇ ತಮಟೆಯ ಚರ್ಮದಂತೆ ಅದುರುತ್ತದೆ, ದನಿ ತಗ್ಗುತ್ತದೆ. ಆಗ ಈ ವಿವರಣೆಯೇನೂ ನೆನಪಾಗಲಿಲ್ಲ. ಕೇಳಿಸಿದ್ದು ಖಣಿಯಲ್ಲಿ ಸುತ್ತಿಗೆ ಕೆಳಗಿಡುವ ಹೊತ್ತಿನ ದನಿ. ಕ್ಯಾಮ್ ಅನ್ನು ತಿರುಗಿ ಸೊಂಟಕ್ಕೆ ಸಿಕ್ಕಿಸಿ, ಎಡಕ್ಕೆ ಒಂದು ಮಾರು ಸರಿದು, ಒಡ್ಡೊಡ್ಡಾದ ಆದರೆ ಆಳವಾದ ಇನ್ನೊಂದು ಬಿರುಕಿನಲ್ಲಿ ನಟ್ ಕೂರಿಸಿದೆ. ಎರಡೂ ಮೈ ತಾಗಿದೆಯೇ ಎಂದು ಬಗ್ಗಿ ನೋಡಿ, ಜಗ್ಗಿ, ಮೇಲೆ ಹೋದೆ. ಒಟ್ಟು ಏಳು ಬೆಣೆ. ಯಾವುದರ ಮೇಲೂ ಬೀಳಲಿಲ್ಲ.

ಮೇಲೆ ಆಧಾರ ಕಟ್ಟಿ ಹಗ್ಗ ಎಳೆದುಕೊಳ್ಳುತ್ತಾ ಕೂತೆ. ಮೇಷ್ಟ್ರು ಒಂದೊಂದೇ ಬೆಣೆ ಬಿಚ್ಚುತ್ತಾ, ಉತ್ತರ ಪತ್ರಿಕೆ ತಿದ್ದುವವರಂತೆ ಕೂಗಿ ಹೇಳುತ್ತಾ ಬಂದರು. ಇದು ಹಿಡೀತಿತ್ತು. ಇದೂ ಹಿಡೀತಿತ್ತು. ಎಡಗಡೆಯ ನಟ್ ಬಿಚ್ಚಿ, ಬಲಗಡೆಯ ಚೆಂದದ ಬಿರುಕನ್ನು ನೋಡಿ ನಿಂತರು.

"ಇಷ್ಟು ಒಳ್ಳೆ ಬಿರುಕು ಬಿಟ್ಟು ಅಲ್ಲಿಗ್ಯಾಕೆ ಹೋದೆ?"

"ಡಬ್ ಅಂತ್ರೀ, ಸರ್."

ಅವರೂ ಕೈ ಚಾಚಿ ಒಮ್ಮೆ ತಟ್ಟಿ ನೋಡಿದರು. ಏನೂ ಹೇಳದೆ ಮುಂದಿನ ಬೆಣೆಗೆ ಬಂದರು.